ಮೂರು ಗಂಟೆಯವರೆಗೆ

ಪೆಟ್ಟಿಗೆಯ ಮುಚ್ಚಳ ಅರ್ಧ ಇಳಿದಿತ್ತು, ಅಷ್ಟರಲ್ಲಿ ಟೈರಸ್‌ನ ಕೋಟಿನ ಜೇಬಿನಲ್ಲಿದ್ದ ಫೋನು ಹೊಡೆದುಕೊಳ್ಳತೊಡಗಿತು.

ಮುಚ್ಚಳ ಹಿಡಿದಿದ್ದ ಪೆಟಿಗ್ರೂ ಅವರ ಬಿಳಿ ಕೈಗವಸು ಗಾಳಿಯಲ್ಲೇ ನಿಂತಿತು. ಈ ಊರಿನಲ್ಲಿ ಸತ್ತವರನ್ನೆಲ್ಲ ತೊಳೆದು, ಬಟ್ಟೆ ಉಡಿಸಿ ಮಣ್ಣಿಗೆ ಕಳಿಸಿಕೊಡುವವರು ಅವರೇ. ಹೆಂಡತಿಯರು ಪೆಟ್ಟಿಗೆಯ ಮೇಲೆ ಬಿದ್ದು ಹೊರಳಾಡಿದಾಗಲೂ ಕೈ ತಡೆದವರಲ್ಲ. ಹಾಡುತ್ತಿದ್ದವರು ಸಾಲಿನ ನಡುವೆಯೇ ಬಾಯಿ ಮುಚ್ಚಿದರು. ಆಗಸ್ಟ್ ಕೊನೆಯ ಸೆಕೆಗೆ ಎಡೆಬಿಡದೆ ಆಡುತ್ತಿದ್ದ ರಟ್ಟಿನ ಬೀಸಣಿಗೆಗಳೆಲ್ಲ ಒಟ್ಟಿಗೇ ನಿಂತವು. ಮೊದಲ ಬೆಂಚಿನಲ್ಲಿ ಕೂತಿದ್ದ ಅರ್ಮಿಂಟಾಳಿಗೆ ಗಂಡನ ಮುಖ ಇನ್ನೂ ಗೇಣಗಲದ ಸಂದಿಯಲ್ಲಿ ಕಾಣುತ್ತಿತ್ತು. ಅದೇ ಕೊನೆಯ ಸಲ. ಆದರೆ ಅವಳು ನೋಡುತ್ತಿದ್ದದ್ದು ಮಗನ ಜೇಬನ್ನು.

ಟೈರಸ್ ಫೋನು ತೆಗೆದು ನೋಡಿದ.

"ಡೆಟ್ರಾಯ್ಟ್ ಚಿಕ್ಕಮ್ಮ," ಎಂದ.

ಚರ್ಚಿಗೆ ಚರ್ಚೇ ಉಸಿರು ಬಿಟ್ಟಿತು.

"ಆ ಹೆಂಗಸಿಗೆ ಬಡ್ಕೊಂಡಿದ್ದೆ," ಸತ್ತ ಹೋಸಿಯಾನ ಅಕ್ಕ ಯೂಲಾ ಹಿಂದಿನ ಸಾಲಿಗೂ ಕೇಳುವ ಹಾಗೆ ಪಿಸುಗುಟ್ಟಿದಳು. "ಇವತ್ತು ಹುಡುಗನಿಗೆ ಯಾರೂ ಫೋನ್ ಮಾಡ್ಬೇಡಿ, ಅಳೋದಿದ್ರೆ ನಾಳೆ ಅಳಿ ಅಂತ. ನನ್ನ ತಮ್ಮ ಬದುಕಿದ್ದಾಗ ವರ್ಷಕ್ಕೊಂದ್ಸಲ ಮಾತಾಡಿಸ್ದೋಳಲ್ಲ. ಇವತ್ತು ಪ್ರೀತಿ ಉಕ್ಕಿ ಬಂತು ನೋಡು."

ಪಾಸ್ಟರ್ ಗಿಲ್ಯಮ್ ಕೆಮ್ಮಿದರು. ಅರ್ಮಿಂಟಾ ಕತ್ತು ತಿರುಗಿಸುವಷ್ಟರಲ್ಲಿ ಮುಚ್ಚಳ ಮುಚ್ಚಿಹೋಗಿತ್ತು.

ಆ ಫೋನಿನ ಲೆಕ್ಕವೇ ಉಲ್ಟಾ. ಕೈಯಲ್ಲಿ ಎಸೆದು ಹಿಡಿಯುವ ಅಮೆರಿಕನ್ ಫುಟ್‌ಬಾಲ್ ಆಡುವ ಉತ್ತರದ ಒಂದು ದೊಡ್ಡ ತಂಡದ ಶಿಬಿರದಲ್ಲಿ ಟೈರಸ್ ಬೇಸಿಗೆಯೆಲ್ಲ ಬೆವರು ಸುರಿಸಿದ್ದ. ತಂಡದಲ್ಲಿ ಐವತ್ಮೂರು ಜನಕ್ಕೆ ಜಾಗ. ಬಂದವರು ಅದಕ್ಕಿಂತ ಎಷ್ಟೋ ಹೆಚ್ಚು. ಬೇಡವಾದವರಿಗೆ ಇವತ್ತು, ಶನಿವಾರ, ಮಧ್ಯಾಹ್ನ ಮೂರರೊಳಗೆ ಫೋನು ಬರುತ್ತದೆ, ಗಂಟುಮೂಟೆ ಕಟ್ಟು ಎಂದು. ಬೇಕಾದವರಿಗೆ ಯಾರೂ ಫೋನು ಮಾಡುವುದಿಲ್ಲ. ಮೂರು ಹೊಡೆಯುವ ತನಕ ಅದು ಸುಮ್ಮನಿದ್ದರೆ ಹುಡುಗ ಗೆದ್ದ. ವಾರದ ಹಿಂದೆ ಊರಲ್ಲಿ ನಾಲ್ಕು ಜನಕ್ಕೆ ಗೊತ್ತಿದ್ದ ಈ ಸಂಗತಿ ಇವತ್ತು ಹೂವು ಹೊರುವ ಪುಟ್ಟ ಹುಡುಗಿಯರಿಗೂ ಗೊತ್ತಿತ್ತು.

ಊರಿಗೆ ಅದು ಗೆಲುವು ಸೋಲಿನ ಮಾತು. ಅರ್ಮಿಂಟಾಳಿಗೆ ಹಾಗಲ್ಲ. ಈ ಜಾಗಕ್ಕಾಗಿಯೇ ಅವಳು ಗಂಡ ಸತ್ತ ಸುದ್ದಿಯನ್ನು ಮಗನಿಂದ ಮುಚ್ಚಿಟ್ಟಿದ್ದಳು, ಒಂದಲ್ಲ, ನಾಲ್ಕು ದಿನ. ಫೋನು ಬಂದರೆ ಅಷ್ಟೂ ಸುಮ್ಮಸುಮ್ಮನೆ ಆಡಿದ ಸುಳ್ಳಾಗುತ್ತದೆ. ನಿನ್ನೆ ಊರಿಗೆ ಬಂದಾಗಿನಿಂದ ಮಗ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ.

*

ಹೋಸಿಯಾ ಟಾಲಿವರ್‌ಗೆ ಚೆಂಡು ಎಸೆಯಲು ಬರುತ್ತಿರಲಿಲ್ಲ.

ಹಗಲೆಲ್ಲ ಮೀನಿನ ಕಾರ್ಖಾನೆಯಲ್ಲಿ ಮಂಜುಗಡ್ಡೆಯ ನೀರಿಗೆ ಕೈಯಿಟ್ಟು ಕ್ಯಾಟ್‌ಫಿಶ್ ಸುಲಿಯುವವನು ಅವನು. ಸಂಜೆಯ ಹೊತ್ತಿಗೆ ಬೆರಳುಗಳು ಮರಗಟ್ಟಿರುತ್ತಿದ್ದವು. ಅದೇ ಬೆರಳಿನಲ್ಲಿ ಚೆಂಡು ಹಿಡಿದು ಮನೆಯ ಮುಂದಿನ ಬಯಲಲ್ಲಿ ನಿಲ್ಲುತ್ತಿದ್ದ. ಟೈರಸ್ ಓಡುತ್ತಿದ್ದ. ಚೆಂಡು ಮಾತ್ರ ಅವನಿರುವ ಕಡೆ ಬಿಟ್ಟು ಉಳಿದೆಲ್ಲ ಕಡೆ ಹೋಗುತ್ತಿತ್ತು. ಒಂದು ತಲೆಯ ಮೇಲೆ, ಒಂದು ಮೊಣಕಾಲಿನ ಕೆಳಗೆ, ಇನ್ನೊಂದು ಬೆನ್ನ ಹಿಂದೆ.

"ಹೋಸಿಯಾ, ಹುಡುಗನಿಗೆ ಎಸೀತಿದ್ದೀಯೋ ಕಾಗೆ ಹೊಡೀತಿದ್ದೀಯೋ?" ಜೊತೆಗೆ ಕೆಲಸ ಮಾಡುವ ಎಲ್ಜಿನ್ ಬೇಲಿಯಾಚೆಯಿಂದ ಕೂಗುತ್ತಿದ್ದ.

ಮಾತಿನಲ್ಲಿ ಹೋಸಿಯಾ ಜುಗ್ಗ. ಚರ್ಚಿನಲ್ಲಿ ಕಾರು ನಿಲ್ಲಿಸಲು ಜಾಗ ತೋರಿಸುತ್ತಿದ್ದ, ವಿಧವೆಯರ ಹುಲ್ಲು ಕೊಯ್ಯುವ ಯಂತ್ರ ಕೆಟ್ಟರೆ ಕೇಳದೆಯೇ ಹೋಗಿ ರಿಪೇರಿ ಮಾಡಿ ಬರುತ್ತಿದ್ದ, ಪೆಪ್ಪರ್‌ಮಿಂಟ್ ಚೀಪುತ್ತಿದ್ದ. ಮಗನಿಗೆ ಅವನು ಹೇಳುತ್ತಿದ್ದದ್ದು ಒಂದೇ ಮಾತು. "ಇನ್ನೊಂದು."

ಟೈರಸ್ ಗಿಡ್ಡ. ಓಟ ಚುರುಕು, ಆದರೆ ಎಲ್ಲರ ಬಾಯಿ ತೆರೆಸುವಷ್ಟಲ್ಲ. ಯಾವ ದೊಡ್ಡ ಕಾಲೇಜೂ ತನ್ನ ತಂಡಕ್ಕೆ ಅವನನ್ನು ಕೇಳಲಿಲ್ಲ. ಚಿಕ್ಕದೊಂದು ಕರೆಯಿತು, ಹೋದ. ವೃತ್ತಿ ತಂಡಗಳು ಹುಡುಗರನ್ನು ಆರಿಸಿಕೊಂಡ ದಿನ ಅವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಕೊನೆಗೆ ಶಿಬಿರದಲ್ಲಿ ಜನ ಸಾಲದೆ ಒಂದು ತಂಡ ಬಾ ಎಂದಿತು. ಅಲ್ಲಿ ಓಡಿ ಚೆಂಡು ಹಿಡಿಯುವವರಿಗೆ ಐದು ಜಾಗ. ನಾಲ್ಕು ಮೊದಲೇ ಗಟ್ಟಿ. ಉಳಿದ ಒಂದಕ್ಕೆ ಮೂವರು ಬಡಿದಾಡುತ್ತಿದ್ದರು. ತರಬೇತುದಾರ ಒಂದು ತಿಂಗಳು ಅವನನ್ನು ಬೇರೆ ಯಾರದೋ ಹೆಸರು ಹಿಡಿದು ಕರೆದ. ಟೈರಸ್ ತಿದ್ದಲು ಹೋಗಲಿಲ್ಲ. ಬೇರೆಯವರು ಕೈಬಿಡುವ ಕೆಟ್ಟ ಚೆಂಡುಗಳನ್ನು ಮಾತ್ರ ಅವನು ಬಿಡುತ್ತಿರಲಿಲ್ಲ.

*

"ಒಬ್ಬೊಬ್ಬರಿಗೆ ಎರಡೇ ನಿಮಿಷ," ಎಂದು ಪಾಸ್ಟರ್ ಎಚ್ಚರಿಸಿದರು. ಎಲ್ಜಿನ್ ಎದ್ದು ಹೋಗಿ ಮೈಕು ಹಿಡಿದ.

"ಹೋಸಿಯಾ ಬಗ್ಗೆ ಎರಡು ನಿಮಿಷ ಮಾತಾಡೋದು ಕಷ್ಟ. ಅವನೇ ಇಡೀ ಜನ್ಮದಲ್ಲಿ ಎರಡು ನಿಮಿಷ ಮಾತಾಡಿಲ್ಲ."

ಜನ ನಕ್ಕರು. ಯೂಲಾ ಬೀಸಣಿಗೆಯಿಂದ ಬಾಯಿ ಮುಚ್ಚಿಕೊಂಡಳು.

"ನನ್ನ ಪಕ್ಕದಲ್ಲಿ ನಿಂತು ಮೀನು ಸುಲೀತಿದ್ದ. ಊಟಕ್ಕೆ ಅಂತ ಅರ್ಧ ಗಂಟೆ ಬಿಡ್ತಿದ್ರು. ಈ ಮನುಷ್ಯ ಎಲ್ಲಿ ಮಾಯ ಆಗ್ತಾನಪ್ಪಾ ಅಂತ ಒಂದಿನ ಹಿಂದೆ ಹೋದೆ. ಕಾರ್ಖಾನೆ ಹಿಂದೆ ಹಳೇ ಟಯರ್ ನೇತುಹಾಕ್ಕೊಂಡು ಚೆಂಡು ಎಸೆಯೋದು ಕಲೀತಾ ಇದ್ದ. ಅದರ ತೂತೊಳಗೆ ತೂರಿಸ್ಬೇಕು ಅಂತ. ವರ್ಷಗಟ್ಟಲೆ ಊಟ ಬಿಟ್ಟು ಎಸೆದ." ಎಲ್ಜಿನ್ ಕರವಸ್ತ್ರಕ್ಕೆ ತಡಕಾಡಿದ. "ಕೊನೇವರ್ಗೂ ಬರ್ಲಿಲ್ಲ ಅವನಿಗೆ. ಟೈ, ನಿಂಗೆ ಇದು ಗೊತ್ತಿತ್ತೇನೋ?"

ಟೈರಸ್ ಇಲ್ಲ ಎಂದು ತಲೆಯಾಡಿಸಿದ. ಅವನ ಭುಜ ಅಲುಗುತ್ತಿತ್ತು. ಅರ್ಮಿಂಟಾಳ ಕೈ ಅವನ ಬೆನ್ನಿನ ಕಡೆಗೆ ಹೋಯಿತು. ಅವನು ಸರಿದು ಕೂತ. ಅವಳು ಆ ಕೈಯನ್ನು ಮತ್ತೆ ಮಡಿಲಲ್ಲಿಟ್ಟುಕೊಂಡಳು.

ಆಮೇಲೆ ಬಂದವರಿಗೆಲ್ಲ ಹಂಚಿದ್ದ ಸಾವಿನ ಕಾಗದದಿಂದ ಹೋಸಿಯಾನ ಜೀವನವನ್ನು ಓದಿದರು. ಅಚ್ಚು ಹಾಕಿಸಿದ್ದು ಯೂಲಾ. ಫೋಟೋ, ಹಾಡು, ಕೊನೆಗೆ ಉಳಿದವರ ಹೆಸರು. "...ಪತ್ನಿ ಅರ್ಮಿಂಟಾ, ವೃತ್ತಿಪರ ಫುಟ್‌ಬಾಲ್ ಆಟಗಾರನಾದ ಮಗ ಟೈರಸ್..." ಓದುತ್ತಿದ್ದ ಹೆಂಗಸು ಆ ಸಾಲಿನಲ್ಲಿ ತಡವರಿಸಿ ಗಡಿಯಾರ ನೋಡಿದಳು. ಹನ್ನೆರಡೂ ಆಗಿರಲಿಲ್ಲ.

"ಯಾಕತ್ತೆ ಹಾಗೆ ಹಾಕ್ಸಿದ್ದು?" ಟೈರಸ್ ತಗ್ಗಿದ ದನಿಯಲ್ಲಿ ಕೇಳಿದ.

"ಮತ್ತೇನು ಹಾಕಿಸ್ಲೋ? ಆದ್ರೂ ಆಗ್ಬಹುದು ಅಂತ ಹಾಕಿಸ್ಲಾ? ನಮ್ಮಪ್ಪನ ವಂಶದಲ್ಲಿ ಯಾರೂ ಸಾವಿನ ಕಾಗದದಲ್ಲಿ ಅಂಜಿಲ್ಲ," ಎಂದಳು ಯೂಲಾ.

*

ಹಿಂದಿನ ಶನಿವಾರ ರಾತ್ರಿ, ಪಾಳಿ ಮುಗಿಸಿ ಬಂದ ಹೋಸಿಯಾ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಆಸ್ಪತ್ರೆಯಲ್ಲಿ ಅವನು ಕಣ್ಣು ಬಿಟ್ಟಾಗಲೆಲ್ಲ ಕೇಳಿದ್ದು ಒಂದೇ.

"ಟೈ ಬಂದ್ನಾ?"

"ಬರ್ತಾನೆ," ಎಂದಿದ್ದಳು ಅರ್ಮಿಂಟಾ. ಫೋನೇ ಮಾಡಿರಲಿಲ್ಲ. ಆಯ್ಕೆಗೆ ಮೊದಲಿನ ಕೊನೆಯ ಪಂದ್ಯ ಗುರುವಾರ. ಈಗ ಹುಡುಗ ಶಿಬಿರ ಬಿಟ್ಟು ಬಂದರೆ ಆ ಜಾಗ ಇನ್ನಿಬ್ಬರಲ್ಲಿ ಒಬ್ಬನ ಪಾಲು. ಗಂಡನಿಗೇನು, ಎರಡು ದಿನ ಮಲಗಿ ಏಳುತ್ತಾನೆ, ಎದ್ದ ಮೇಲೆ ನನ್ನ ಮೇಲೆ ರೇಗಲಿ ಎಂದುಕೊಂಡಿದ್ದಳು. ಭಾನುವಾರ ಬೆಳಕು ಹರಿಯುವ ಮೊದಲೇ ಹೋಸಿಯಾ ಹೋಗಿಬಿಟ್ಟ. ಅವನು ಕೇಳುತ್ತಿದ್ದದ್ದನ್ನು ಅವಳು ಯಾರಿಗೂ ಹೇಳಲಿಲ್ಲ.

ಆ ಬೆಳಗ್ಗೆ ಪಾಸ್ಟರ್ ಗಿಲ್ಯಮ್ ಪ್ರಾರ್ಥನೆ ಮುಗಿಸಿ, ಕನ್ನಡಕ ತೆಗೆದು, ಎಲ್ಲರನ್ನೂ ಗುರಾಯಿಸಿದ್ದರು. "ಗುರುವಾರದ ಆಟ ಮುಗಿಯೋ ತನಕ ಯಾರ ಬೆರಳೂ ಫೇಸ್‌ಬುಕ್ ಕಡೆ ಹೋಗ್ಬಾರದು. ಹೋದ್ರೆ ನಿಮ್ಮ ಸಾವಿಗೆ ನಾನು ಬರಲ್ಲ." ಈ ಊರಿನಲ್ಲಿ ಹೆಂಡತಿ ಬಸುರಾದ ಸುದ್ದಿ ಗಂಡನಿಗಿಂತ ಮೊದಲು ಅಂಚೆಯವನಿಗೆ ಗೊತ್ತಾಗುತ್ತದೆ. ಅಂಥ ಊರು ಬಾಯಿ ಹೊಲಿದುಕೊಂಡು ಕೂತಿತು. ಹೇಗಿದ್ದರೂ ಡೆಟ್ರಾಯ್ಟು, ಶಿಕಾಗೋ ನೆಂಟರು ಬಂದು ಸೇರುವವರೆಗೆ ಇಲ್ಲಿ ಯಾರನ್ನೂ ಮಣ್ಣು ಮಾಡುವುದಿಲ್ಲ. ಅದೂ ಅನುಕೂಲಕ್ಕೆ ಬಂತು.

ಗುರುವಾರ ಸಂಜೆ, ಪ್ರತಿ ಪಂದ್ಯದ ಮೊದಲು ಮಾಡುವಂತೆ, ಟೈರಸ್ ಫೋನು ಮಾಡಿದ.

"ಅಪ್ಪನಿಗೆ ಕೊಡಮ್ಮ."

"ಮಲಗಿದಾನೆ ಕಣೋ."

"ಇಷ್ಟು ಹೊತ್ತಿಗೇ?"

"ಎರಡು ಪಾಳಿ ಮಾಡಿ ಬಂದ." ಅವಳು ಬಾಗಿಲಿಗೆ ತೂಗುಹಾಕಿದ್ದ ಹೂವಿನ ಚಕ್ರವನ್ನು ನೋಡುತ್ತಿದ್ದಳು. "ಎಬ್ಬಿಸ್ಲಾ?"

"ಬೇಡ ಬಿಡು, ಮಲಗ್ಲಿ. ಎದ್ಮೇಲೆ ಹೇಳು, ಇವತ್ತು ನಂಗೂ ಎಸೀತಾರಂತೆ ಅಂತ."

"ಹೇಳ್ತೀನಿ."

ಎಲ್ಜಿನ್‌ನ ಮಗಳ ಲ್ಯಾಪ್‌ಟಾಪಿನ ಮುಂದೆ ಸಾವಿನ ಮನೆಯ ಜನವೆಲ್ಲ ತಟ್ಟೆ ಹಿಡಿದು ಕೂತಿದ್ದರು. ಆಟದ ಕೊನೆಯಲ್ಲಿ ಒಂದು ಚೆಂಡು ಬಂತು, ಟೈರಸ್‌ನ ಬೆನ್ನ ಹಿಂದಕ್ಕೆ, ಯಾರೂ ಹಿಡಿಯಲಾರದ ಕಡೆ. ಅವನು ಓಡುತ್ತಲೇ ಮೈ ತಿರುಚಿ ಒಂಟಿ ಕೈಯಲ್ಲಿ ಎಳೆದುಕೊಂಡು ಅಂಕ ಸಿಗುವ ಗೆರೆಯಾಚೆ ಬಿದ್ದ. ಮನೆ ಹಾರಿಹೋಗುವ ಹಾಗೆ ಕೂಗೆದ್ದಿತು. "ಅದು ಹೋಸಿಯಾ ಎಸೆದ ಚೆಂಡು ಕಣ್ರೋ!" ಎಂದು ಎಲ್ಜಿನ್ ಕುಣಿದ. ಆಮೇಲೆ ಎಲ್ಲರಿಗೂ ನೆನಪಾಯಿತು. ಒಬ್ಬೊಬ್ಬರೇ ಕೂತರು.

ಪಂದ್ಯ ಮುಗಿದ ಮೇಲೆ ಅರ್ಮಿಂಟಾ ತಾನೇ ಫೋನು ಮಾಡಿದಳು. "ನೋಡಿದ್ರಾ? ಅಪ್ಪ ಏನಂದ?" ಎಂದು ಮಗ ಉಸಿರು ಬಿಡದೆ ಕೇಳಿದ. ಅವಳು ಹೇಳಿದಳು. "ಯಾವತ್ತು?" ಎಂದ ಅವನು. ಭಾನುವಾರ ಎಂದಳು. ಫೋನು ಇಟ್ಟುಬಿಟ್ಟ.

*

ಸ್ಮಶಾನದಲ್ಲಿ ಅವನು ಅವಳ ಪಕ್ಕಕ್ಕೆ ಬಂದು ನಿಂತ. ಪೆಟ್ಟಿಗೆ ಕೆಳಗಿಳಿದಿತ್ತು. ಜನ ಹೂವು ಹಾಕಿ ಕಾರುಗಳ ಕಡೆ ನಡೆಯುತ್ತಿದ್ದರು. ಸುತ್ತಲ ಹೊಲದಲ್ಲಿ ಹತ್ತಿ ಒಡೆಯಲು ಶುರುವಾಗಿತ್ತು.

"ಒಂದು ಕೇಳ್ತೀನಿ, ನಿಜ ಹೇಳು," ಎಂದ. ಅವಳ ಕಡೆ ನೋಡಲಿಲ್ಲ. "ಅಪ್ಪ ನನ್ನ ಕೇಳಿದ್ನಾ?"

ಅರ್ಮಿಂಟಾ ಕೆಳಗಿಳಿದ ಪೆಟ್ಟಿಗೆಯನ್ನು ನೋಡಿದಳು. ಇನ್ನು ಮೂರು ಗಂಟೆಯವರೆಗೆ ತಡೆದುಕೊಂಡರೆ, ಜಾಗ ಸಿಕ್ಕಿದರೆ, ಆಗ ಹೇಳಬಹುದಿತ್ತು. ಬೈದುಕೊಳ್ಳುತ್ತಾನೆ, ಅಳುತ್ತಾನೆ, ಆದರೆ ಕೈಯಲ್ಲಿ ಒಂದು ಜಾಗ ಇರುತ್ತದೆ. ಈಗ ಹೇಳಿ, ಆಮೇಲೆ ಆ ಫೋನೂ ಬಂದರೆ ಇವನಿಗೆ ಉಳಿಯುವುದಾದರೂ ಏನು?

"ಇಲ್ಲ," ಎಂದಳು. "ಪಂದ್ಯ ಯಾವತ್ತು ಅಂತ ಕೇಳಿದ. ಗುರುವಾರ ಅಂದೆ. ಸರಿ ಅಂದ."

ಟೈರಸ್ ತಲೆಯಾಡಿಸಿದ. ಅಪ್ಪ ಹಾಗೆಯೇ, ಎಂಬಂತೆ. ಅವನು ಅವಳ ತೋಳು ಹಿಡಿದುಕೊಂಡು ಕಾರಿನ ತನಕ ನಡೆಸಿಕೊಂಡು ಹೋದ.

ಚರ್ಚಿನ ಹಿಂದಿನ ಊಟದ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಕರಿದ ಕೋಳಿ, ಸೊಪ್ಪು, ಜೋಳದ ರೊಟ್ಟಿ ಎಲ್ಲ ಇತ್ತು. ತಿನ್ನುತ್ತಿದ್ದವರು ತುತ್ತಿಗೊಂದು ಸಲ ಗೋಡೆಯ ಗಡಿಯಾರ ನೋಡುತ್ತಿದ್ದರು. ಟೈರಸ್ ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಕೂತಿದ್ದ. ತಟ್ಟೆಯಲ್ಲಿದ್ದದ್ದು ಹಾಗೆಯೇ ಇತ್ತು.

"ಅದನ್ನ ಆಫ್ ಮಾಡಿ ಇಡೋ," ಎಂದ ಎಲ್ಜಿನ್. "ಸಿಗ್ದೇ ಇರೋನನ್ನ ಹೇಗೆ ತೆಗೀತಾರೆ?"

"ಸಾಲಗಾರರ ಹತ್ರ ನಿನ್ನ ಉಪಾಯ ಅದು," ಯೂಲಾ ಗದರಿದಳು. "ಸುಮ್ನೆ ತಿನ್ನು."

ಎರಡೂವರೆ ದಾಟಿತು. ಅರ್ಮಿಂಟಾ ಅಡುಗೆಯ ಕಿಟಕಿಯ ಬಳಿ ನಿಂತು, ಒರೆಸಿದ ಪಾತ್ರೆಯನ್ನೇ ಒರೆಸುತ್ತಿದ್ದಳು. ದೇವರ ಹತ್ತಿರ ಬೇಡಲೂ ಭಯವಾಗುತ್ತಿತ್ತು. ಇಷ್ಟು ಸುಳ್ಳು ಹೇಳಿದವಳ ಮಾತು ಅವನಾದರೂ ಯಾಕೆ ಕೇಳಬೇಕು?

ಫೋನು ಹೊಡೆದುಕೊಂಡಿತು.

ಚಮಚೆಗಳು ನಿಂತವು. ಟೈರಸ್ ಪರದೆ ನೋಡಿದ, ನಸುನಕ್ಕ. "ಉಣ್ಣಿ, ಉಣ್ಣಿ," ಎಂದು ಎದ್ದು ಹಿಂಬಾಗಿಲಿಂದ ಹೊರಗೆ ಹೋದ. "ಮತ್ತೆ ಆ ಡೆಟ್ರಾಯ್ಟಿನವಳೇ!" ಎಂದಳು ಯೂಲಾ. ಜನ ಹಗುರಾಗಿ ನಕ್ಕರು.

ಕಿಟಕಿಯಿಂದ ಅರ್ಮಿಂಟಾಳಿಗೆ ಅವನ ಬೆನ್ನು ಕಾಣುತ್ತಿತ್ತು. ಅವನು ಕೇಳಿಸಿಕೊಳ್ಳುತ್ತಿದ್ದ, ಮಾತಾಡುತ್ತಿರಲಿಲ್ಲ. ಎರಡು ಸಲ ತಲೆಯಾಡಿಸಿದ, ಫೋನಿನ ಆ ಕಡೆಯವರಿಗೆ ಕಾಣುತ್ತದೇನೋ ಎಂಬಂತೆ. ಆಮೇಲೆ ಫೋನನ್ನು ಕಿವಿಯಿಂದ ತೆಗೆದ, ಆದರೂ ಅಲ್ಲೇ ನಿಂತಿದ್ದ. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಕುತ್ತಿಗೆಯ ಟೈ ಸಡಿಲಿಸಿಕೊಂಡ, ಮುಖ ಒರೆಸಿಕೊಂಡ, ಟೈ ಮತ್ತೆ ಸರಿ ಮಾಡಿಕೊಂಡ. ಒಳಗೆ ಬಂದು ನೇರ ಅವಳ ಹತ್ತಿರ ಬಂದ.

"ಯಾರೋ?" ಎಂದಳು.

"ಪೆಟಿಗ್ರೂ ಅವರು, ಅಮ್ಮಾ. ಹೂವಿನ ಚಕ್ರಗಳನ್ನ ಸಮಾಧಿ ಹತ್ರ ಬಿಡೋದೋ, ಮನೆಗೆ ಕಳ್ಸೋದೋ ಅಂತ ಕೇಳ್ತಿದ್ರು."

ಊರಿಗೆ ಬಂದ ಮೇಲೆ ಅವನು ಅವಳನ್ನು ಅಮ್ಮಾ ಎಂದದ್ದು ಅದೇ ಮೊದಲು. ಅವನ ಬೆನ್ನ ಹಿಂದೆ, ಮೂರನೆಯ ಮೇಜಿನಲ್ಲಿ, ಪೆಟಿಗ್ರೂ ಅವರು ಕೈಗವಸು ತೆಗೆದಿಟ್ಟು, ಕೊರಳಿಗೆ ಕರವಸ್ತ್ರ ಸಿಕ್ಕಿಸಿಕೊಂಡು, ಕೋಳಿಯ ಮೂಳೆ ಚೀಪುತ್ತ ಕೂತಿದ್ದರು.

ಅರ್ಮಿಂಟಾ ಅವರನ್ನು ನೋಡಿದಳು. ಮಗನನ್ನು ನೋಡಿದಳು. ಅವನ ಕಣ್ಣಂಚು ಕೆಂಪಾಗಿತ್ತು. ನಗುತ್ತಿದ್ದ.

"ಅಲ್ಲೇ ಇರ್ಲಿ ಬಿಡು," ಎಂದಳು. "ಅವನ ಹತ್ರಾನೇ ಇರ್ಲಿ."

"ನಾನೂ ಅದೇ ಅಂದೆ. ಊಟಕ್ಕೆ ಹಾಕು, ಹಸಿವಾಗಿದೆ."

ಅವನು ಹಿಂದಕ್ಕೆ ತಿರುಗುವ ಮೊದಲೇ ಅವಳು ಅವನ ತೋಳು ಹಿಡಿದು ಅಡುಗೆಯ ಮೇಜಿಗೇ ಕೂರಿಸಿದಳು. ಬಿಸಿ ಕೋಳಿ ಹಾಕಿದಳು, ಸೊಪ್ಪು ಹಾಕಿದಳು. ಪೆಟಿಗ್ರೂ ಅವರು ಅವನ ಕಣ್ಣಿಗೆ ಬೀಳದ ಹಾಗೆ ಅಡ್ಡ ನಿಂತು, ಅವನು ಒಂದೊಂದೇ ತುತ್ತನ್ನು ಕಷ್ಟಪಟ್ಟು ನುಂಗುವುದನ್ನು ನೋಡಿದಳು. ಇನ್ನೊಂದು ರೊಟ್ಟಿ ಹಾಕಿದಳು.

ಮೂರು ಹೊಡೆಯಿತು.

ಮೊದಲು ಎಲ್ಜಿನ್ ಕುರ್ಚಿಯ ಮೇಲೆ ಹತ್ತಿದ. ಆಮೇಲೆ ಯಾರು ಏನು ಕೂಗಿದರು ಎನ್ನುವುದು ಯಾರಿಗೂ ತಿಳಿಯಲಿಲ್ಲ. ಯೂಲಾ ಚಪ್ಪಲಿ ಕಳಚಿ ಕುಣಿದಳು. "ನೋಡಿದ್ಯಾ ತಮ್ಮಾ! ನೋಡಿದ್ಯಾ!" ಎಂದು ಮೇಲೆ ನೋಡಿ ಅತ್ತಳು. ಪಾಸ್ಟರ್ ಎರಡೂ ಕೈ ಎತ್ತಿ ಪ್ರಾರ್ಥನೆ ಶುರುಮಾಡಿದರು. ಟೈರಸ್ ಎದ್ದು ನಿಂತು ಬಂದವರಿಗೆಲ್ಲ ಮೈಯೊಡ್ಡಿದ. ಬೆನ್ನು ತಟ್ಟಿಸಿಕೊಂಡ, ಮುತ್ತು ಕೊಡಿಸಿಕೊಂಡ. ಜನದ ತಲೆಗಳ ಮೇಲಿಂದ ಅವನು ಅಮ್ಮನನ್ನು ಹುಡುಕಿ ನೋಡಿದ. ಅರ್ಮಿಂಟಾ ಚಪ್ಪಾಳೆ ತಟ್ಟುತ್ತಿದ್ದಳು.

"ಸಂಜೆ ವಿಮಾನ, ಈಗ ಹೊರಟ್ರೆ ಸರಿ," ಎಂದು ಅವನೇ ಹೇಳಿದ. ಅವಳು ಕೋಳಿಯನ್ನೂ ಕೇಕನ್ನೂ ಬೆಳ್ಳಿ ಕಾಗದದಲ್ಲಿ ಸುತ್ತಿ ಕೊಟ್ಟಳು. "ದಾರೀಲಿ ತಿನ್ನು." ಅವನು ಬಗ್ಗಿ ಅವಳ ಹಣೆಗೆ ಹಣೆ ತಾಗಿಸಿದ.

ಊಟದ ಮನೆಯ ಜನವೆಲ್ಲ ರಸ್ತೆಯವರೆಗೆ ಬಂದು ಕೈಬೀಸಿತು. ಟೈರಸ್ ಒಬ್ಬನೇ ಕಾರು ಹತ್ತಿ ಹೊರಟ. ಬಿಸಿಲು ತಾಳದೆ ಒಬ್ಬೊಬ್ಬರೇ ಒಳಗೆ ಹೋದರು. ಅರ್ಮಿಂಟಾ ಹೋಗಲಿಲ್ಲ.

ರಸ್ತೆಯ ತುದಿಯಲ್ಲಿ ಕಾರು ನಿಂತಿತು. ಅಲ್ಲಿಂದ ಎಡಕ್ಕೆ ಹೆದ್ದಾರಿ, ವಿಮಾನ ನಿಲ್ದಾಣ. ಬಲಕ್ಕೆ ಹತ್ತಿ ಹೊಲಗಳ ನಡುವಿನ ಮಣ್ಣುದಾರಿ. ಅದು ಸ್ಮಶಾನದಲ್ಲಿ ಕೊನೆಯಾಗುತ್ತದೆ, ಮುಂದೆ ಎಲ್ಲಿಗೂ ಹೋಗುವುದಿಲ್ಲ. ಎಡಗಡೆಯ ದೀಪ ಮಿನುಗುತ್ತಿತ್ತು. ಮುಂದೆ ಹಿಂದೆ ಒಂದು ಗಾಡಿಯೂ ಇರಲಿಲ್ಲ, ಆದರೂ ಕಾರು ಹೊರಡಲಿಲ್ಲ. ಆಮೇಲೆ ದೀಪ ಆರಿತು. ಕಾರು ಬಲಕ್ಕೆ ತಿರುಗಿತು.

"ಹುಡುಗ ಹೆದ್ದಾರಿ ಹಿಡಿದ್ನಾ?" ಯೂಲಾ ಬರಿಗಾಲಲ್ಲಿ ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ರಸ್ತೆ ನೋಡಲು ಹೊರಟಳು.

ಅರ್ಮಿಂಟಾ ಅವಳ ಭುಜ ಹಿಡಿದು ಬಾಗಿಲಿನ ಕಡೆಗೆ ತಿರುಗಿಸಿದಳು. "ಹಿಡಿದ. ಕಾಲು ಸುಟ್ಟೀತು, ನಡಿ ಒಳಗೆ," ಎಂದಳು. ಅವರಿಬ್ಬರ ಬೆನ್ನ ಹಿಂದೆ, ಹತ್ತಿ ಹೊಲದ ಮೇಲೆ, ಕೆಂಪು ಧೂಳು ಹೋಸಿಯಾ ಮಲಗಿದ್ದ ಕಡೆಗೆ ಉದ್ದಕ್ಕೆ ಎಳೆದುಕೊಂಡು ಹೋಗುತ್ತಿತ್ತು.